ಸೀಟಿಗೆ ಹಾಕಿದ ಕರ್ಚೀಫು

ನನ್ನ ಗಂಡ ತೀರಿಕೊಂಡು ಆರು ವರ್ಷವಾದ ಮೇಲೆ, ಒಂದು ಶುಕ್ರವಾರ ಬೆಳಿಗ್ಗೆ, ತುಂಬಿದ ಥಿಯೇಟರಿನಲ್ಲಿ ಸಾವಿರ ಜನರ ಎದುರು ಎದ್ದು ಬಂದು ನನ್ನನ್ನು ಅಳಿಸಿದರು. ಬದುಕಿದ್ದಾಗಲೂ ಆ ಕೆಲಸ ಅವರಿಗೆ ಕಷ್ಟವೇನೂ ಆಗಿರಲಿಲ್ಲ. ಆಗ ಜನ ಸೇರಿಸುತ್ತಿರಲಿಲ್ಲ, ಅಷ್ಟೆ.

ಎಲ್ಲರ ಬಾಯಲ್ಲೂ ಅವರು ಮೇಷ್ಟ್ರು. ಸಿನಿಮಾಕ್ಕೆ ಸಂಗೀತ ಮಾಡುತ್ತಿದ್ದರು. ಹದಿನೈದು ವರ್ಷದ ಹಿಂದೆ ಒಂದು ಆಕಾಶದ ಸಿನಿಮಾ ಬಂದಿತ್ತು. ಗಂಡ ಹೆಂಡತಿ ಇಬ್ಬರೂ ಒಂದು ಊರಿನಷ್ಟು ದೊಡ್ಡ ಹಡಗಿನಲ್ಲಿ ನಕ್ಷತ್ರಗಳ ಕಡೆ ಹೊರಡುತ್ತಾರೆ. ಹೆಂಡತಿ ಹಡಗು ನಡೆಸುವವಳು. ಗಂಡ ಅಲ್ಲಿ ಏನು ಮಾಡುತ್ತಿದ್ದನೋ ನನಗೆ ಇವತ್ತಿಗೂ ತಿಳಿದಿಲ್ಲ, ಗಡ್ಡ ಬಿಟ್ಟುಕೊಂಡು ಕಿಟಕಿಯ ಹತ್ತಿರ ನಿಂತಿರುತ್ತಿದ್ದ. ಕೊನೆಗೆ ಆಕಾಶದ ಒಂದು ತೂತಿಗೆ ಬಿದ್ದು ಸತ್ತ. ಅವನು ಬೀಳುವಾಗ ಮೇಷ್ಟ್ರು ಒಂಟಿ ಪಿಟೀಲಿನ ಒಂದು ಟ್ಯೂನ್ ಹಾಕಿದ್ದರು. ಅದನ್ನು ಕೇಳಿ ಕಲ್ಲುಬಂಡೆಗಳು ಕೂಡ ಮೂಗು ಒರೆಸಿಕೊಂಡವು. ಆಮೇಲೆ ಅದು ಫೋನುಗಳಿಗೆ ಹೋಯಿತು, ಲಿಫ್ಟಿಗೆ ಹೋಯಿತು, ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೂ ಹೋಯಿತು. ನನ್ನ ದವಡೆಹಲ್ಲು ಕಿತ್ತದ್ದು ನನ್ನ ಗಂಡನ ಟ್ಯೂನಿಗೆ.

ಆ ಟ್ಯೂನ್ ಹುಟ್ಟಿದ ಮನೆಯಲ್ಲಿ ಮಾತ್ರ ಸದ್ದಿಗೆ ಪ್ರವೇಶವಿರಲಿಲ್ಲ. ಬೀದಿಯದು ಒಳಗೆ ಬಂದರೆ ತಲೆಯೊಳಗಿನದು ಹೊರಗೆ ಹೋಗುತ್ತದೆ ಅನ್ನುತ್ತಿದ್ದರು ಮೇಷ್ಟ್ರು. ಬೀದಿ ಕಡೆಯ ಕಿಟಕಿಗಳು ಮುಚ್ಚಿ ಮುಚ್ಚಿ, ಚಿಲಕದ ಮೇಲೆ ಬಣ್ಣ ಬಳಿದು ಬಳಿದು, ಗೋಡೆಯೇ ಆಗಿಹೋಗಿದ್ದವು. ನಾವು ಮನೆಯೊಳಗೆ ಕಾಲುಚೀಲ ಹಾಕಿಕೊಂಡು ಓಡಾಡುತ್ತಿದ್ದೆವು. ಚಮಚವನ್ನು ಬಟ್ಟೆಯ ಮೇಲಿಡಬೇಕಿತ್ತು. ಟೀಗೆ ಸಕ್ಕರೆ ಕಲಕುವಾಗ ಚಮಚ ಲೋಟಕ್ಕೆ ತಾಗಬಾರದಿತ್ತು. ಆ ವಿದ್ಯೆಯಲ್ಲಿ ನಾನು ಎಷ್ಟು ಪಳಗಿದ್ದೆನೆಂದರೆ, ದಡಕ್ಕೆ ತಾಗಿಸದೆ ಸಮುದ್ರವನ್ನೇ ಕಲಕಬಲ್ಲವಳಾಗಿದ್ದೆ.

ನಮಗೆ ಒಬ್ಬಳೇ ಮಗಳು. ಈಗ ನಲವತ್ತು ದಾಟಿದ್ದಾಳೆ, ಆದರೂ ನನಗೆ ಅವಳು ಗುಬ್ಬಿ. ಚಿಕ್ಕವಳಿದ್ದಾಗ ಒಂದು ದಿನ ಊಟದ ಮಧ್ಯೆ ಏನೋ ಗುನುಗಿದಳು. ಮೇಷ್ಟ್ರು ತಟ್ಟೆಯಿಂದ ತಲೆಯೆತ್ತದೆ, "ಈ ಮನೆಗೆ ಒಬ್ಬರು ಸಾಕು" ಅಂದರು. ಅವಳು ಅಲ್ಲಿಗೆ ಬಾಯಿ ಮುಚ್ಚಿದಳು. ಸಂಗೀತವನ್ನು ಬೇರೆಯವರ ಮನೆಗಳಲ್ಲಿ ಕಲಿತಳು. ಸೋಪಿನ ಜಾಹೀರಾತಿಗೆ, ಎರಡು ವಾರ ಓಡುವ ಸಿನಿಮಾಗಳಿಗೆ ಕೆಲಸ ಮಾಡಿಕೊಂಡಿದ್ದಳು.

ಹೀಗಿರುವಾಗ ಆ ಆಕಾಶದ ಸಿನಿಮಾದ ನಿರ್ದೇಶಕ ಎರಡನೆಯ ಭಾಗ ಮಾಡುತ್ತೇನೆಂದು ಹೊರಟ. ಅವನು ಮೇಷ್ಟ್ರ ಹಳೆಯ ಸ್ನೇಹಿತ, ನನ್ನನ್ನು ಅತ್ತಿಗೆ ಅನ್ನುತ್ತಾನೆ. ಕೆಂಡ ಸುರಿಯುವ ಬಿಸಿಲಿನಲ್ಲೂ ಕುತ್ತಿಗೆಗೆ ಮಫ್ಲರ್ ಸುತ್ತಿಕೊಳ್ಳುವುದರಿಂದ ನಾನು ಅವನನ್ನು ಮಫ್ಲರ್ ಅನ್ನುತ್ತೇನೆ. ಸಂಗೀತವನ್ನು ಗುಬ್ಬಿಗೇ ಕೊಟ್ಟ. ಅವಳು ಅವತ್ತು ಮನೆಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ಸುಮ್ಮನೆ ನಿಂತಳು. "ಏನೇ, ಯಾರಾದ್ರೂ ಹೋದ್ರಾ?" ಎಂದು ಕೇಳಿದೆ. ಹಾಗಿತ್ತು ಅವಳ ಮುಖ. ಸಂತೋಷವನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ಆ ಮುಖಕ್ಕೆ ಗೊತ್ತಿರಲಿಲ್ಲ.

ವರ್ಷವಿಡೀ ದುಡಿದಳು. ನಾನು ಒಮ್ಮೆ ಟೀ ಕೊಡಲು ಅವಳ ಕೋಣೆಗೆ ಹೋದಾಗ ಪರದೆಯ ಮೇಲೆ ಹೊಸ ಸಿನಿಮಾ ಓಡುತ್ತಿತ್ತು, ಹಿಂದೆ ಮೇಷ್ಟ್ರ ಪಿಟೀಲು ಕೊಯ್ಯುತ್ತಿತ್ತು.

"ಇದೇನು, ನಿಮ್ಮಪ್ಪ ಇಲ್ಲಿ ಬಂದು ಕೂತಿದಾರೆ?"

"ಅದು ಟೆಂಪರರಿ ಅಮ್ಮ. ನಂದು ರೆಡಿ ಆಗೋವರೆಗೂ ಹಳೇದನ್ನ ಹಾಕ್ಕೊಂಡು ಸಿನಿಮಾ ಕತ್ತರಿಸ್ತಾರೆ. ಎಲ್ಲಾ ಕಡೆ ಹಿಂಗೇ ಮಾಡೋದು. ಜಾಗ ಹಿಡಿಯೋಕೆ."

"ಬಸ್ಸಲ್ಲಿ ಸೀಟಿಗೆ ಕರ್ಚೀಫು ಹಾಕ್ದಂಗೆ."

"ಹೂಂ, ಹಂಗೇ ಅಂದ್ಕೊ."

"ನೋಡ್ಕೊ ಮತ್ತೆ. ಕೆಲವು ಕರ್ಚೀಫು ತಾನೇ ಟಿಕೆಟ್ ತಗೊಂಡು ಕೂತ್ಕೊಂಡ್ಬಿಡುತ್ತೆ."

ತಮಾಷೆಗೆ ಅಂದದ್ದು. ನನ್ನ ನಾಲಿಗೆಯ ಮೇಲೆ ಮಚ್ಚೆ ಇದೆಯೋ ಏನೋ.

ಮಫ್ಲರ್ ಆ ಕೊನೆಯ ದೃಶ್ಯವನ್ನು ಮೇಷ್ಟ್ರ ಟ್ಯೂನಿನ ಜೊತೆ ಲಕ್ಷ ಸಲ ನೋಡಿದ್ದ. ಗುಬ್ಬಿಯ ಸಂಗೀತ ಬರುವ ಹೊತ್ತಿಗೆ ಅವನ ಕಿವಿಗೆ ಹಳೆಯದರ ಜೊತೆ ಮದುವೆಯಾಗಿ ಮಕ್ಕಳೂ ಆಗಿದ್ದವು. ಉಳಿದ ಕಡೆಯೆಲ್ಲ ಅವಳದನ್ನು ಒಪ್ಪಿಕೊಂಡ, ಕೊನೆಯಲ್ಲಿ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಅವಳಿಗೆ ಬೇಕಿದ್ದದ್ದು ಅದೊಂದೇ ದೃಶ್ಯ. ಬೇರೆಯದೆಲ್ಲ ಬೇಕಾದರೆ ತೆಗೆದುಹಾಕಿ, ಇದನ್ನು ಬಿಡಿ ಎಂದು ಕೇಳಿಕೊಂಡಳಂತೆ. ಅವನು ಕೊನೆಗೆ ಒಂದು ಮಾತು ಕೊಟ್ಟ. ಥಿಯೇಟರಿಗೆ ಮೇಷ್ಟ್ರದೇ ಹೋಗಲಿ. ಜನರಿಗೆ ಅದು ನಾಟದಿದ್ದರೆ, ಆಮೇಲೆ ಮನೆಯಲ್ಲಿ ಕೂತು ನೋಡಲು ಬರುತ್ತದಲ್ಲ, ಅದರಲ್ಲಿ ಗುಬ್ಬಿಯದನ್ನು ಹಾಕುವುದು.

"ಅಂದ್ರೆ ಜನ ಅಳಬಾರದು," ಅಂದೆ.

"ಹೂಂ."

"ನಾನಂತೂ ಅಳಲ್ಲ ಬಿಡು. ನಿಮ್ಮಪ್ಪನಿಗೆ ಅಂತ ಇಟ್ಟಿದ್ದ ಕಣ್ಣೀರು ಯಾವತ್ತೋ ಖರ್ಚಾಗೋಯ್ತು. ನಿಂದು ಒಂದ್ಸಲ ಕೇಳಿಸೇ ನಂಗೆ."

"ಈಗ ಬೇಡ. ಅದು ಸಿನಿಮಾದೊಳಗೆ ಬರ್ಲಿ, ಆಗ ಕೇಳು."

ಮೊದಲ ದಿನದ ಮೊದಲ ಆಟಕ್ಕೆ ಮೂವರು ಹೋದೆವು. ನಾನು ನಡುವೆ, ಒಂದು ಪಕ್ಕ ಗುಬ್ಬಿ, ಇನ್ನೊಂದು ಪಕ್ಕ ಕೆಳಗಿನ ಮನೆಯ ಟೈಲರಮ್ಮ. ಟೈಲರಮ್ಮನಿಗೆ ಗುಬ್ಬಿಯೆಂದರೆ ಪ್ರಾಣ. ಗುಬ್ಬಿಗಾಗಿ ಹೊಸ ರವಿಕೆಯನ್ನೇ ಹೊಲಿದು ತಂದಿದ್ದಳು, ಅದು ತೋಳಿನಲ್ಲಿ ಬಿಗಿಯಾಗಿ ಗುಬ್ಬಿ ಇಡೀ ಸಿನಿಮಾ ಕೈ ಎತ್ತದೆ ಕೂತಿದ್ದಳು.

ಶುರುವಿನಲ್ಲಿ ಎಲ್ಲ ಚೆನ್ನಾಗಿತ್ತು. ಹಡಗು ತಿರುಗುವಾಗ ಮಗಳು ಹಾಕಿದ್ದ ಸದ್ದಿಗೆ ನನ್ನ ಕುರ್ಚಿಯೇ ನೆಲ ಬಿಟ್ಟಿತು. ಮುಂದಿನ ಸಾಲಿನವರು ಮಾತ್ರ ಜೋಳದ ಅರಳು ಜಗಿಯುತ್ತಲೇ ಇದ್ದರು. ಅವರ ದವಡೆಗಳನ್ನು ಕೆನ್ನೆ ಸಮೇತ ಕಿತ್ತು ಕೈಗೆ ಕೊಡೋಣ ಅನ್ನಿಸಿತು.

ಕತೆ ಹೀಗೆ. ಹೆಂಡತಿ ಒಬ್ಬಳೇ ಹಡಗು ನಡೆಸಿಕೊಂಡು ಒಂದು ಗ್ರಹಕ್ಕೆ ಬಂದು ಇಳಿಯುತ್ತಾಳೆ. ಅಲ್ಲಿ ಬಾಗಿಲು ತಟ್ಟಿದ ಸದ್ದು. ತೆಗೆದರೆ, ತೂತಿಗೆ ಬಿದ್ದು ಸತ್ತ ಗಂಡ, ಅದೇ ಗಡ್ಡ. ಆ ಗ್ರಹಕ್ಕೆ, ಬಂದವರ ನೆನಪನ್ನು ಹೆಕ್ಕಿ ಮನುಷ್ಯರನ್ನು ಮಾಡುವ ಚಾಳಿಯಂತೆ. ಅವನು ಒಳಗೆ ಬಂದು ಕೂರುತ್ತಾನೆ. ಅವಳು ಎಲ್ಲಿಗೆ ಹೋದರೂ ಬರುತ್ತಾನೆ. ಏನು ಹೇಳಿದರೂ ಅವನಿಗೆ ಮೊದಲೇ ಗೊತ್ತು. ಕೊನೆಗೆ ಅವಳು ಅವನನ್ನು ಆಚೆ ಬಿಟ್ಟು ಬಾಗಿಲು ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುತ್ತಾಳೆ. ಬರೀ ಅವಳ ಮುಖ. ಮಾತಿಲ್ಲ. ಬಹಳ ಹೊತ್ತು.

ಪಿಟೀಲು ಶುರುವಾಯಿತು.

ನಾನು ಹಲ್ಲು ಕಚ್ಚಿ, ಕಾಲಿನ ಹೆಬ್ಬೆರಳನ್ನು ನೆಲಕ್ಕೊತ್ತಿ ಕೂತಿದ್ದೆ. ತರಕಾರಿ ಅಂಗಡಿಯನ್ನು ನೆನೆಸಿಕೊಂಡೆ. ಟೈಲರಮ್ಮನ ಸೂಜಿ ನೆನೆಸಿಕೊಂಡೆ. ಆದರೆ ಆ ಟ್ಯೂನ್ ಒಂದು ಕಡೆ ಮೇಲೆ ಹೋಗಿ, ಇಳಿಯುವ ಮೊದಲು ಒಂದು ಚೂರು ತಡೆಯುತ್ತದೆ. ಆ ತಡೆಯುವ ಜಾಗದಲ್ಲಿ ನನ್ನ ಕಣ್ಣು ನನ್ನನ್ನು ಕೇಳದೆ ಬಿಟ್ಟುಕೊಟ್ಟಿತು. ಬಿಕ್ಕಿದೆ. ಹಿಂದಿನಿಂದ, ಮುಂದಿನಿಂದ ಮೂಗೆಳೆಯುವ ಸದ್ದು. ಜೋಳದ ಅರಳಿನವರೂ ಅಳುತ್ತಿದ್ದರು. ದೀಪ ಹತ್ತುವ ಮುಂಚೆಯೇ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು.

ಗುಬ್ಬಿ ಪರದೆ ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದಳು. ಬ್ಯಾಗಿನಿಂದ ಕರ್ಚೀಫು ತೆಗೆದು ನನ್ನ ಕೈಯಲ್ಲಿಟ್ಟಳು.

ಅಷ್ಟೇ ಆಗಿದ್ದರೆ ತಾಯಿ ಮಗಳ ನಡುವಿನ ವಿಷಯವಾಗಿ ಮುಗಿಯುತ್ತಿತ್ತು. ಈ ಕಡೆ ಟೈಲರಮ್ಮ ಫೋನು ಎತ್ತಿ ಹಿಡಿದಿದ್ದಳು. ಮಾರನೆಯ ದಿನ ಓಡಿ ಮೆಟ್ಟಿಲು ಹತ್ತಿ ಬಂದಳು.

"ಅಮ್ಮಾ, ನೀವು ಫೇಮಸ್ ಆಗ್ಬಿಟ್ರಿ. ನೀವು ಅಳೋದನ್ನ ನಾನು ಹಾಕಿದ್ನಲ್ಲ, ಲೋಕ ಎಲ್ಲ ನೋಡಿದೆ."

"ಲೋಕಕ್ಕೆ ಬೇರೆ ಕೆಲಸ ಇರಲಿಲ್ವಾ? ಏನಂತೆ, ಓದು."

ಅವಳು ಹೊಸ್ತಿಲ ಮೇಲೆ ಕೂತು ಓದಿದಳು. "'ಸಿನಿಮಾ ಸುಮಾರು, ಕೊನೇ ಹತ್ತು ನಿಮಿಷಕ್ಕೆ ಕಾಸು ವಸೂಲು.' 'ಅಜ್ಜಿ ಅತ್ತಿದ್ದು ನೋಡಿ ಆಫೀಸಲ್ಲಿ ನಾನೂ ಅತ್ತೆ, ಬಾಸ್ ರಜೆ ಕೊಟ್ಟ.' 'ಗಂಡ ಹೋದ್ಮೇಲೂ ಇಷ್ಟು ಪ್ರೀತಿ, ಈಗಿನ ಕಾಲದೋರು ಕಲೀಬೇಕು.' ಇದು ಕೇಳಿ, ಇದು ಗುಬ್ಬಕ್ಕಂಗೆ. 'ಬೇರೆ ಕಡೆ ಮ್ಯೂಸಿಕ್ ಬರೀ ತಲೆನೋವು. ಆದ್ರೆ ಕೊನೇಲಿ ಅಪ್ಪನ ಟ್ಯೂನ್ ತಂದಳಲ್ಲ ಮಗಳು, ಆ ಐಡಿಯಾಗೆ ಒಂದು ಸಲಾಂ.'"

ಒಳಗಿನಿಂದ ಗುಬ್ಬಿ ಬಂದು ನಿಂತಿದ್ದನ್ನು ಅವಳು ನೋಡಿರಲಿಲ್ಲ. ನೋಡಿ, "ಅಕ್ಕಾ, ಒಳ್ಳೇದೇ ಅಲ್ವಾ ಇದು?" ಎಂದು ಸಣ್ಣ ದನಿಯಲ್ಲಿ ಕೇಳಿದಳು.

"ಒಳ್ಳೇದೇ," ಅಂದಳು ಗುಬ್ಬಿ. "ರವಿಕೆ ತೋಳು ಸ್ವಲ್ಪ ಬಿಚ್ಚಿ ಕೊಡಿ."

ಅವತ್ತು ಸಂಜೆ ಟೀವಿಯವರು ಅವಳನ್ನು ಕರೆಸಿದ್ದರು. ನಾನು, ಟೈಲರಮ್ಮ ಮನೆಯಲ್ಲೇ ಕೂತು ನೋಡಿದೆವು. ಪ್ರಶ್ನೆ ಕೇಳುವ ಹುಡುಗಿ ತುಟಿಗೆ ಸೂರ್ಯನನ್ನೇ ಬಳಿದುಕೊಂಡಿದ್ದಳು. ಗುಬ್ಬಿ ನೇರವಾಗಿ ಹೇಳಿದಳು: "ಅದು ನನ್ನ ಐಡಿಯಾ ಅಲ್ಲ. ಅಲ್ಲಿಗೆ ನಾನು ಬೇರೆ ಮ್ಯೂಸಿಕ್ ಮಾಡಿದ್ದೆ. ಅದನ್ನ ತೆಗೆದ್ರು."

ಹುಡುಗಿ ಎದೆಯ ಮೇಲೆ ಕೈಯಿಟ್ಟುಕೊಂಡು ನಮ್ಮ ಕಡೆ ತಿರುಗಿದಳು. "ನೋಡಿ, ಅಪ್ಪನ ಮುಂದೆ ನಂದೇನೂ ಇಲ್ಲ ಅನ್ನೋದನ್ನ ಎಷ್ಟು ದೊಡ್ಡ ಮನಸ್ಸಿಂದ ಹೇಳ್ತಿದಾರೆ."

"ನಾನು ಹಂಗೆ ಹೇಳ್ಲಿಲ್ಲ," ಅಂದಳು ಗುಬ್ಬಿ. ಅಷ್ಟರಲ್ಲಿ ನಾನು ಅಳುವ ವೀಡಿಯೊ ಹಾಕಿದರು. ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ನನ್ನ ಮೂಗಿನ ಹೊಳ್ಳೆಗಳು ಎರಡು ಗುಹೆಗಳ ಹಾಗಿದ್ದವು. ಮಗಳು ಅದರ ಕೆಳಗೆ, ಕೈ ಕಟ್ಟಿಕೊಂಡು ಕೂತಿದ್ದಳು.

ಭಾನುವಾರ ಮಧ್ಯಾಹ್ನ ಅವಳೇ ನನ್ನನ್ನು ಕೋಣೆಗೆ ಕರೆದಳು. ಮೊದಲು ಮೇಷ್ಟ್ರ ಕೋಣೆಯಾಗಿದ್ದುದು. ಈಗ ಅಲ್ಲಿ ಕಿಟಕಿ ಯಾವಾಗಲೂ ತೆರೆದೇ ಇರುತ್ತದೆ.

"ನಿನ್ನ ಮೇಲೆ ಸಿಟ್ಟಿಲ್ಲ ಅಮ್ಮ. ಬಾ, ಕೂತ್ಕೊ."

ಅದೇ ಕೊನೆಯ ದೃಶ್ಯ. ಬಾಗಿಲು ಮುಚ್ಚಿತು. ಹೆಂಗಸು ಬೆನ್ನು ಕೊಟ್ಟು ನಿಂತಳು. ಏನೂ ಇಲ್ಲ. ಆಮೇಲೆ, ಟಿಣ್. ಚಮಚ ಲೋಟಕ್ಕೆ ತಾಗಿದ ಸದ್ದು. ಮತ್ತೆ ಒಂದು. ತುಕ್ಕು ಹಿಡಿದ ಚಿಲಕ ಕಿರುಗುಟ್ಟಿತು. ಎಲ್ಲೋ ದೂರದಲ್ಲಿ ಸೈಕಲ್ ಬೆಲ್ಲು, ಯಾರೋ ಯಾರನ್ನೋ ಕೂಗಿದ್ದು, ಬರಿಗಾಲು ನೆಲಕ್ಕೆ ಬಿದ್ದದ್ದು. ಇವೆಲ್ಲ ಒಂದರ ಪಕ್ಕ ಒಂದು ಬಂದು ಕೂತವು. ಅವುಗಳ ಕೆಳಗೆ ತಂತಿವಾದ್ಯಗಳು, ನಿದ್ದೆ ಹೋದವರು ಉಸಿರಾಡುವ ಹಾಗೆ, ನಿಧಾನವಾಗಿ ಎದ್ದು ಇಳಿದವು.

ಪರದೆಯ ಮೇಲಿನ ಮುಖ ಅದೇ. ಬೇರೆ ನಟಿಯನ್ನು ತಂದು ನಿಲ್ಲಿಸಿದ್ದಾರೆ ಎಂದು ಬೇಕಾದರೆ ಆಣೆ ಮಾಡುತ್ತಿದ್ದೆ. ಥಿಯೇಟರಿನಲ್ಲಿ ಅವಳು ಗಂಡನನ್ನು ಕಳೆದುಕೊಂಡವಳು. ಇಲ್ಲಿ ಅವಳು ಬಹಳ ವರ್ಷದ ಮೇಲೆ ಕಾಲು ಚಾಚಲು ಜಾಗ ಸಿಕ್ಕವಳು.

"ಈ ಮುಖ ನಾನೆಲ್ಲೋ ನೋಡಿದೀನಿ," ಅಂದೆ.

"ನೋಡಿರಲ್ಲ ಅಮ್ಮ. ಅದು ನಿಂದು. ನಾನು ನೋಡಿದ್ದೆ."

ಮೇಷ್ಟ್ರನ್ನು ಹಜಾರದಲ್ಲಿ ಮಲಗಿಸಿದ್ದ ದಿನ ಯಾರೋ ಪುಣ್ಯಾತ್ಮರು ಮೆಟ್ಟಿಲ ಮೇಲೆ ಸ್ಪೀಕರ್ ಇಟ್ಟು ಅದೇ ಟ್ಯೂನನ್ನು ಮತ್ತೆ ಮತ್ತೆ ಹಾಕುತ್ತಿದ್ದರು. ಬಂದವರೆಲ್ಲ ನನ್ನ ಮುಖ ನೋಡಿ, "ಪಾಪ, ಕಲ್ಲಾಗಿ ಕೂತ್ಬಿಟ್ಟಿದಾರೆ" ಎಂದು ಅಳುತ್ತಿದ್ದರು. ನಾನು ಕಿಟಕಿ ನೋಡುತ್ತಿದ್ದೆ. ಅಷ್ಟು ಪದರ ಬಣ್ಣದ ಕೆಳಗೆ ಆ ಚಿಲಕ ಇನ್ನೂ ಜೀವ ಇಟ್ಟುಕೊಂಡಿದೆಯೋ ಇಲ್ಲವೋ ಎಂದು ಯೋಚಿಸುತ್ತಿದ್ದೆ. ಮೇಷ್ಟ್ರನ್ನು ಎತ್ತಿಕೊಂಡು ಹೋದ ಮೇಲೆ ಗುಬ್ಬಿಯ ಕೈಯಲ್ಲಿ ಚಮಚ ತರಿಸಿ ಅದರ ಹಿಡಿಯಿಂದ ಚಿಲಕ ಮೀಟಿದೆ. ಬೀದಿ ಒಳಗೆ ಬಂತು. ಚಮಚವನ್ನು ನಾನು ಕಲ್ಲಿನ ನೆಲಕ್ಕೆ ಬೀಳಿಸಿದೆ, ಬೇಕೆಂದೇ. ಗುಬ್ಬಿ ಪಕ್ಕದಲ್ಲಿ ನಿಂತಿದ್ದಳು. ನಾವು ಆ ವಿಷಯ ಯಾವತ್ತೂ ಆಡಿಕೊಂಡಿರಲಿಲ್ಲ.

"ಮೊದಲೇ ಯಾಕೆ ಕೇಳಿಸಲಿಲ್ಲ ನಂಗೆ?"

"ಅಷ್ಟು ಜನರ ಮಧ್ಯೆ ಇದು ಬಂದಾಗ ನಿನ್ನ ಮುಖ ನೋಡ್ಬೇಕಿತ್ತು. ಅದೊಂದೇ ಆಸೆ ಇಟ್ಕೊಂಡಿದ್ದೆ." ಅವಳು ಪರದೆ ಆರಿಸಿದಳು. "ಅಲ್ಲಮ್ಮ, ಯಾಕೆ ಅತ್ತೆ ನೀನು?"

ಸುಳ್ಳು ಹೇಳಬಹುದಿತ್ತು. ಬದುಕಿನಲ್ಲಿ ಇರುವೆಯನ್ನು ಆನೆ ಮಾಡಿ ಮಾರಿದವಳು ನಾನು. ಅವತ್ತು ಮಾತ್ರ ನಾಲಿಗೆ ಏಳಲಿಲ್ಲ.

"ಗೊತ್ತಿಲ್ಲ ಕಣೆ. ಆ ಟ್ಯೂನ್ ಚೆನ್ನಾಗಿದೆ. ಅದೇ ಕಷ್ಟ."

"ಹೂಂ," ಅಂದಳು. "ನಂಗೂ ಅದೇ ಕಷ್ಟ."

ಮಂಗಳವಾರ ಮಫ್ಲರ್ ಬಂದ. ಮದುವೆಮನೆಯ ಬಾಗಿಲಿಗೆ ಕಟ್ಟುವಷ್ಟು ದೊಡ್ಡ ಹೂವಿನ ಗುಚ್ಛ ತಂದಿದ್ದ. ಗುಬ್ಬಿ ಮನೆಯಲ್ಲಿರಲಿಲ್ಲ.

"ಅತ್ತಿಗೆ, ನಿಮ್ಮ ಕಾಲಿಗೆ ಬೀಳ್ಬೇಕು. ಪಿಕ್ಚರ್ ಎದ್ದಿದ್ದೇ ನಿಮ್ಮಿಂದ."

"ಬೀಳು, ಯಾರು ಬೇಡ ಅಂದ್ರು? ಮಫ್ಲರ್ ಕಾಲಿಗೆ ಸಿಕ್ಕಿಹಾಕ್ಕೊಂಡೀತು, ಹುಷಾರು. ನನ್ನ ಮಗಳಿಗೆ ಕೊಟ್ಟ ಮಾತು ಏನಾಯ್ತು?"

ಅವನು ಕುರ್ಚಿಯ ತುದಿಯಲ್ಲಿ ಕೂತ. "ಜನಕ್ಕೆ ನಾಟದೇ ಇದ್ರೆ ಅಂತ ಅಲ್ವಾ ಹೇಳಿದ್ದು. ನಾಟಿದೆಯಲ್ಲ. ಈಗ ಅದನ್ನ ತೆಗೆದ್ರೆ ಜನ ನನ್ನನ್ನ ಹೊಡೀತಾರೆ. ಭಾಗ ಮೂರೂ ಅವಳಿಗೇ. ಈ ಸಲ ಶುರುವಿಂದಲೇ ಮೇಷ್ಟ್ರ ಟ್ಯೂನ್ ಇಟ್ಕೊಂಡು, ಅದನ್ನೇ ಅಲ್ಲಲ್ಲಿ ಹಿಂಗೆ ಹಂಗೆ ತಿರುಗಿಸಿದ್ರಾಯ್ತು. ಅವಳಿಗೂ ಸುಲಭ."

"ಎದ್ದೇಳು," ಅಂದೆ. ಕೋಣೆಗೆ ಕರೆದುಕೊಂಡು ಹೋದೆ. ಯಾವ ಗುಂಡಿ ಒತ್ತಬೇಕೆಂದು ಗುಬ್ಬಿಯ ಬೆರಳು ನೋಡಿ ತಿಳಿದುಕೊಂಡಿದ್ದೆ. ಪೂರ್ತಿ ತೋರಿಸಿದೆ. ಅವನು ಅಲ್ಲಾಡದೆ ನೋಡಿದ. ನನಗೆ ಒಂದು ಗಳಿಗೆ ಆಸೆ ಹುಟ್ಟಿತು.

"ಅಳು ಬಂದಿದ್ದು ಅವರ ಟ್ಯೂನಿಗೆ ಕಣಪ್ಪ," ಅಂದೆ. "ಆ ಹೆಂಗಸಿಗಲ್ಲ. ಆ ಹೆಂಗಸಿಗೆ ಆಗಿದ್ದೇನು ಅಂತ ಇದರಲ್ಲಿದೆ. ನಂಗೆ ಗೊತ್ತು, ನಾನು ಅಲ್ಲಿ ನಿಂತೋಳು."

ಅವನು ನನ್ನ ಮುಖವನ್ನು ಬಹಳ ಹೊತ್ತು ನೋಡಿದ. ಕೆಟ್ಟವನಲ್ಲ ಅವನು, ಪ್ರೀತಿಯಿಂದಲೇ ಹೇಳಿದ.

"ಅತ್ತಿಗೆ, ಚೆನ್ನಾಗೇ ಮಾಡಿದಾಳೆ. ಆದ್ರೆ ನೋಡಿ, ಇದಕ್ಕೆ ನಿಮಗೇ ಒಂದು ಹನಿ ಬರಲಿಲ್ಲ."

ನಾನು ಕೆನ್ನೆ ಮುಟ್ಟಿ ನೋಡಿಕೊಂಡೆ. ಒಣಗಿತ್ತು. ಅದೇ ಸರಿ, ಅದು ಹಾಗೇ ಇರಬೇಕು ಎಂದು ಅವನಿಗೆ ಹೇಗೆ ಹೇಳುವುದು? ಮೆಟ್ಟಿಲ ಮೇಲೆ ಸ್ಪೀಕರ್ ಇಟ್ಟಿದ್ದವರು ಯಾರೆಂದು ಆಗ ಹೊಳೆಯಿತು. ಕೇಳಲಿಲ್ಲ. ಕೇಳಿದ್ದರೆ ಹೆಮ್ಮೆಯಿಂದ ಹೌದು ಅನ್ನುತ್ತಿದ್ದ.

ಗುಬ್ಬಿ ಭಾಗ ಮೂರು ಬೇಡವೆಂದಳು. ಜನ ಅದನ್ನೂ ದೊಡ್ಡತನವೆಂದೇ ಹೊಗಳಿದರು. ಅಪ್ಪನ ಟ್ಯೂನಿನ ಮೇಲೆ ಕೈಯಿಡಲು ಮಗಳಿಗೆ ಮನಸ್ಸು ಬರಲಿಲ್ಲವಂತೆ. ಮನೆಯಲ್ಲಿ ಕೂತು ನೋಡುವ ಸಿನಿಮಾವೂ ಬಂತು, ಕೊನೆಯಲ್ಲಿ ಮೇಷ್ಟ್ರೇ ಇದ್ದರು, ಆಚೀಚೆ ಅಲ್ಲಾಡದೆ. ಅವಳು ಮತ್ತೆ ಸೋಪಿನ ಜಾಹೀರಾತು ಹಿಡಿದಳು. ಅದರ ನಡುವೆ ತನ್ನದೇ ಏನನ್ನೋ ಶುರುಮಾಡಿದ್ದಾಳೆ. ಯಾರಿಗೆ, ಯಾವುದಕ್ಕೆ ಎಂದು ಕೇಳಿದರೆ ಹೇಳುವುದಿಲ್ಲ.

ನಮ್ಮ ಎದುರಿಗೆ ಫೋನ್ ರಿಪೇರಿ ಅಂಗಡಿ ಇದೆ. ಸಿನಿಮಾ ಎದ್ದ ಮೇಲೆ ಅಂಗಡಿಯವನು ಬಾಗಿಲಿಗೆ ಸ್ಪೀಕರ್ ಡಬ್ಬ ಕಟ್ಟಿ ಬೆಳಗಿನಿಂದ ಅದೇ ಪಿಟೀಲು ಹಾಕುತ್ತಾನೆ. ನಮ್ಮ ಮೇಲಿನ ಅಭಿಮಾನವಂತೆ. ನಾನು ಕಿಟಕಿಯಲ್ಲಿ ಕಂಡರೆ ಕೈಯೆತ್ತಿ ದನಿ ಇನ್ನಷ್ಟು ಜೋರು ಮಾಡುತ್ತಾನೆ.

ನಿನ್ನೆ ಗುಬ್ಬಿ ಕೆಲಸ ಮಾಡುತ್ತಿದ್ದಳು. ನಾನು ಒಳಗೆ ಟೀ ಮಾಡುತ್ತಿದ್ದೆ.

"ಅಮ್ಮ," ಎಂದಳು ಕೋಣೆಯಿಂದ, ತಲೆಯೆತ್ತದೆ. "ಆ ಕಿಟಕಿ ಹಾಕು."

ದನಿ ಕೇಳಿ ಒಂದು ಗಳಿಗೆ ನಾನು ನಿಂತಲ್ಲೇ ನಿಂತೆ. ಆಮೇಲೆ ಹೋಗಿ ಹಾಕಿದೆ. ಆರು ವರ್ಷ ತೆರೆದೇ ಇದ್ದದ್ದಕ್ಕೆ ಚಿಲಕ ಹಟ ಮಾಡಿತು, ಎರಡು ಕೈಯಿಂದ ಒತ್ತಬೇಕಾಯಿತು. ಪಿಟೀಲು ಆಚೆ ಉಳಿಯಿತು. ಬೀದಿಯೂ ಉಳಿಯಿತು.

ಅಡುಗೆಮನೆಗೆ ಬಂದು ಲೋಟಕ್ಕೆ ಸಕ್ಕರೆ ಹಾಕಿ ಕಲಕಿದೆ. ಕಲಕಿ ಮುಗಿದ ಮೇಲೆ ಗೊತ್ತಾಯಿತು, ಚಮಚ ಒಂದು ಸಲವೂ ತಾಗಿರಲಿಲ್ಲ.